ಕಣ್ಣಿ ಬಿಚ್ಚುವವರು ಯಾರು?

2021ರ ನವೆಂಬರ್ ಮಳೆಗೆ ಚಿಕ್ಕಬಳ್ಳಾಪುರದ ಕಂದವಾರ ಕೆರೆ ಕೋಡಿ ಹರಿಯಿತು. ಮುಂದಿನ ತಿಂಗಳೇ ತಾಲ್ಲೂಕಿನ ಹಳ್ಳಿಗಳಲ್ಲಿ ನೆಲ ಲಘುವಾಗಿ ನಡುಗಿ, ಜನ ಮನೆಯಿಂದ ಹೊರಗೋಡಿದರು. ಬೇಸಿಗೆಯಲ್ಲಿ ಸ್ಕಂದಗಿರಿಯಂಥ ಬೆಟ್ಟಗಳ ಒಣಹುಲ್ಲಿಗೆ ಬೆಂಕಿಯ ಭಯ. ಇಷ್ಟಾದರೂ ಹಾಲನ್ನೇ ನಂಬಿದ ಈ ಸೀಮೆಯಲ್ಲಿ, ಅಪಾಯ ಬಂದಾಗ ರಾಸುಗಳನ್ನು ಎಲ್ಲಿಗೆ ಹೊಡೆದುಕೊಂಡು ಹೋಗಬೇಕೆಂದು ಕೇಳಿದರೆ ಉತ್ತರವಿಲ್ಲ.

ಕಲ್ಲುಚಪ್ಪಡಿಯ ಕೊಟ್ಟಿಗೆಯಲ್ಲಿ ಬಿಗಿಯಾಗಿ ಕಟ್ಟಿದ ಹಸು ತಾನಾಗಿ ಓಡಲಾರದು. ಒಂದೇ ಎಳೆತಕ್ಕೆ ಬಿಚ್ಚುವ ಗಂಟು, ಬಾಗಿಲ ಬಳಿ ಕುಡುಗೋಲು, ಕೊಟ್ಟಿಗೆಯಿಂದ ದೂರ ಹಾಕಿದ ಬಣವೆ: ಇವಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಬಿಚ್ಚಲು ಹೊತ್ತಿದ್ದರೆ ಬಿಚ್ಚಿ, ಇಲ್ಲದಿದ್ದರೆ ಕೊಯ್ಯಿರಿ. ಹಗ್ಗದ ಮುಖ ನೋಡಬೇಡಿ.

ರಾಸಿನ ಕಿವಿಗೆ ಹಾಕುವ ಗುರುತಿನ ಓಲೆಯನ್ನು ವಿಮೆಯವರ ಕಾಟವೆಂದು ಗೊಣಗುವವರಿದ್ದಾರೆ. ಆದರೆ ಚದುರಿದ ರಾಸನ್ನು ನಮ್ಮದೆಂದು ತೋರಿಸಲು ಅದರ ಮೇಲಿನ 12 ಅಂಕಿಗಳೇ ಆಧಾರ. ವಿಪತ್ತಿನಲ್ಲಿ ಸತ್ತ ಕರೆಯುವ ಹಸು, ಎಮ್ಮೆಗೆ ಕೇಂದ್ರದ 2022ರ ಮಾನದಂಡದಂತೆ ₹37,500, ಕುರಿ, ಮೇಕೆಗೆ ₹4,000 ಪರಿಹಾರವಿದೆ. ಓಲೆಯ ಸಂಖ್ಯೆ, ಲಸಿಕೆ ಚೀಟಿ, ರಾಸಿನ ಫೋಟೊ ಮೊಬೈಲ್‌ನಲ್ಲಿರಲಿ. ಪಶು ಸಂಜೀವಿನಿ ಸಹಾಯವಾಣಿಯ 1962 ಸಂಖ್ಯೆ ಕೂಡ.

ಉಳಿದದ್ದು ಆಡಳಿತದ ಪಾಲು. ಪ್ರತಿ ಪಂಚಾಯಿತಿಯೂ ಎತ್ತರದ ಒಂದು ಬಯಲು, ನೀರಿನ ತೊಟ್ಟಿ, ಮೇವಿನ ದಾಸ್ತಾನು ಗುರುತಿಸಲಿ. ವಿಪತ್ತಿನಲ್ಲಿ ಜನರಿಗಾಗಿ ತೆರೆಯುವ ಕಾಳಜಿ ಕೇಂದ್ರಗಳಲ್ಲಿ ನಾಯಿ, ಬೆಕ್ಕಿಗೂ ಒಂದು ಮೂಲೆ ಇರಲಿ. ಸಾಕಿದ ನಾಯಿಯನ್ನು ಬಿಟ್ಟು ಬರಲೊಲ್ಲದೆ ಮನೆಯಲ್ಲೇ ಉಳಿಯುವ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ.