ಎತ್ತಿದ ಬಾವುಟ, ಎತ್ತಿಸಿದ ಬಾವುಟ

ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಬೀಸುವ ಬಾವುಟಗಳನ್ನು ಕಂಡೊಡನೆ ಇದೇ ದೇಶಪ್ರೇಮವೆಂದು ಕೊಂಡಾಡುವುದು ಎಷ್ಟು ಅವಸರದ ಮಾತೋ, ಅದೆಲ್ಲ ಗುಂಪಿನ ಆವೇಶವೆಂದು ತಳ್ಳಿಹಾಕುವುದೂ ಅಷ್ಟೇ ಅವಸರದ ಮಾತು. ಬಾವುಟವೆಂಬ ಬಟ್ಟೆಗೆ ಸ್ವಂತ ದನಿಯಿಲ್ಲ. ಅದನ್ನು ಹಿಡಿದ ಕೈ ತಾನಾಗಿ ಎತ್ತಿತೇ, ಯಾರದೋ ಒತ್ತಾಯಕ್ಕೆ ಎತ್ತಿತೇ, ತನ್ನವರನ್ನು ಹುರಿದುಂಬಿಸಲು ಎತ್ತಿತೇ, ಇನ್ನೊಬ್ಬರನ್ನು ಹಂಗಿಸಲು ಎತ್ತಿತೇ ಎಂಬುದರ ಮೇಲೆ ಅದರ ಅರ್ಥ ನಿಲ್ಲುತ್ತದೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ನಾಗನೂರದಂಥ ಊರುಗಳಿಗೆ ಫುಟ್‌ಬಾಲ್ ಇನ್ನೂ ದೂರದ ಆಟ. ಗರಡಿಮನೆ, ಕಬಡ್ಡಿ, ಕ್ರಿಕೆಟ್ಟುಗಳ ನಡುವೆ ಅದು ಬಹುಮಟ್ಟಿಗೆ ಟಿ.ವಿ. ಪರದೆಯಲ್ಲೇ ಉಳಿದಿದೆ. ಆದರೆ ಬಾವುಟ ಮಾತ್ರ ಈ ಸೀಮೆಗೆ ದೂರದ ಸಂಗತಿಯಲ್ಲ. ಗಡಿ ಜಿಲ್ಲೆಯ ಜನ ಬಾವುಟದ ಎರಡೂ ಮುಖಗಳನ್ನು ಬಲ್ಲರು, ಆದ್ದರಿಂದ ಕ್ರೀಡಾಂಗಣದ ಬಾವುಟವನ್ನು ಅಳೆಯುವ ಹಕ್ಕೂ ಅನುಭವವೂ ಅವರಿಗಿದೆ.

ಬಾವುಟ ಎತ್ತುವುದೇ ಅಪರಾಧವಾಗಿದ್ದ ಕಾಲವೊಂದಿತ್ತು. 1923ರಲ್ಲಿ ನಾಗಪುರದಲ್ಲಿ ನಡೆದ ಧ್ವಜ ಸತ್ಯಾಗ್ರಹ, ಅಂದರೆ ಸರಕಾರದ ನಿಷೇಧವನ್ನು ಮೀರಿ ಕಾಂಗ್ರೆಸ್ಸಿನ ಚರಕದ ಧ್ವಜವನ್ನು ಹಿಡಿದು ಬೀದಿಯಲ್ಲಿ ನಡೆದು ಸೆರೆಯಾಗುವ ಚಳವಳಿ, ಹುಬ್ಬಳ್ಳಿಯಿಂದ ಹೋದ ಡಾ. ನಾ.ಸು. ಹರ್ಡೀಕರ್ ಮತ್ತು ಅವರ ಸ್ವಯಂಸೇವಕರನ್ನೂ ಜೈಲಿಗೆ ಕಳಿಸಿತು. ಕ್ಷಮೆ ಕೇಳದೆ ಶಿಕ್ಷೆ ಪೂರೈಸಿ ಹೊರಬಂದ ಆ ಅನುಭವದ ಬೆನ್ನಿಗೇ ಅದೇ ವರ್ಷದ ಕೊನೆಯಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು; ಗಾಂಧೀಜಿ ಅಧ್ಯಕ್ಷತೆಯ 1924ರ ಬೆಳಗಾವಿ ಅಧಿವೇಶನದ ಶಿಸ್ತನ್ನು ಹೊತ್ತದ್ದೂ ಈ ದಳದ ಸ್ವಯಂಸೇವಕರೇ. ತಿಂಗಳ ಕೊನೆಯ ಭಾನುವಾರ ಊರೂರಲ್ಲಿ ಧ್ವಜವಂದನೆ ಮಾಡುವ ರೂಢಿಯನ್ನು ಬೆಳೆಸಿದ ಹರ್ಡೀಕರರು ಮುಂದೆ ನೆಲೆನಿಂತದ್ದು ಗೋಕಾಕ ತಾಲೂಕಿನ ಘಟಪ್ರಭಾದಲ್ಲಿ, ಅಲ್ಲಿನ ಆರೋಗ್ಯಧಾಮದ ಕೆಲಸದಲ್ಲಿ. 1938ರ ಏಪ್ರಿಲ್‌ನಲ್ಲಿ ಹಳೆಯ ಮೈಸೂರು ಸಂಸ್ಥಾನದ ಶಿವಪುರದಲ್ಲಿ ನಿಷೇಧವಿದ್ದರೂ ಧ್ವಜವೇರಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಜೀವಗಳು ಹೋದವು. ಇಷ್ಟು ಬೆಲೆ ತೆತ್ತ ನಾಡಿನಲ್ಲಿ ಬಾವುಟದ ಬಗೆಗಿನ ಭಾವುಕತೆಯನ್ನು ಅಗ್ಗವೆನ್ನುವುದು ತಪ್ಪು. ಆದರೆ ಆ ದಿನಗಳ ಬಾವುಟ ಅಧಿಕಾರಕ್ಕೆ ಎದುರಾಗಿ, ತಾನಾಗಿ ಎತ್ತಿದ ಬಾವುಟವಾಗಿತ್ತು ಎಂಬ ಮಾತನ್ನೂ ಅದರೊಡನೆಯೇ ಹಿಡಿಯಬೇಕು.

ಫುಟ್‌ಬಾಲ್ ಮತ್ತು ಬಾವುಟದ ನಂಟು ಭಾರತದಲ್ಲಿ ಸ್ವಾತಂತ್ರ್ಯಕ್ಕಿಂತ ಹಳೆಯದು. 1911ರ ಜುಲೈ 29ರಂದು ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಸೈನಿಕರ ತಂಡವನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಾಗ, ಕೋಟೆಯ ಮೇಲಿನ ಬ್ರಿಟಿಷ್ ಬಾವುಟವನ್ನು ತೋರಿಸಿ ಅದು ಕೆಳಗಿಳಿಯುವುದು ಯಾವಾಗ ಎಂದು ಒಬ್ಬರು ಕೇಳಿದರೆಂಬ ಕಥೆ ಬಂಗಾಳದಲ್ಲಿ ಇಂದಿಗೂ ಜನಜನಿತ. ಅದು ದಂತಕಥೆಯೇ ಇರಬಹುದು. ಆದರೂ ಆಟದ ಗೆಲುವನ್ನು ಜನ ಬಾವುಟದ ಭಾಷೆಗೆ ಹೇಗೆ ತರ್ಜುಮೆ ಮಾಡಿಕೊಂಡರು ಎಂಬುದನ್ನು ಅದು ಹೇಳುತ್ತದೆ. ಸ್ವತಂತ್ರ ಭಾರತದ ತ್ರಿವರ್ಣದ ಕೆಳಗೆ ಫುಟ್‌ಬಾಲ್ ತಂಡ ಒಲಿಂಪಿಕ್ಸ್‌ಗೆ ಇಳಿದದ್ದು 1948ರ ಲಂಡನ್ನಿನಲ್ಲಿ. ಹೆಚ್ಚಿನವರು ಬರಿಗಾಲಲ್ಲಿ ಆಡಿದ ಆ ತಂಡ ಫ್ರಾನ್ಸಿಗೆ 2-1ರಿಂದ ಸೋತಿತಾದರೂ, ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು, ಜೊತೆಗಿದ್ದ ಅಹ್ಮದ್ ಖಾನರೂ ಬೆಂಗಳೂರಿನವರು.

ಬಾವುಟದ ಇನ್ನೊಂದು ಮುಖವನ್ನು ಭಾರತೀಯ ಆಟಗಾರರು 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಕಂಡರು. ಇಸ್ರೇಲ್ ಮತ್ತು ತೈವಾನ್‌ಗಳನ್ನು ಹೊರಗಿಟ್ಟ ಕೂಟಕ್ಕೆ ಏಷ್ಯನ್ ಕ್ರೀಡಾಕೂಟವೆಂಬ ಹೆಸರು ಒಪ್ಪದೆಂದು ಭಾರತದ ಜಿ.ಡಿ. ಸೋಂಧಿ ಆಕ್ಷೇಪಿಸಿದ್ದರಿಂದ ಸಿಟ್ಟಿಗೆದ್ದ ಜನ ಭಾರತದ ರಾಯಭಾರ ಕಚೇರಿಯ ಮೇಲೆ ದಾಳಿ ಮಾಡಿದರು; ಸೆಪ್ಟೆಂಬರ್ 4ರ ಅಂತಿಮ ಪಂದ್ಯದಲ್ಲಿ ಕಿಕ್ಕಿರಿದ ಪ್ರೇಕ್ಷಕರು ಭಾರತ ತಂಡಕ್ಕೆ ಧಿಕ್ಕಾರ ಕೂಗಿದರು. ಆಗ ಪ್ರೇಕ್ಷಕರ ನಡುವೆ ಭಾರತಕ್ಕೆ ಬೆಂಬಲವಾಗಿ ನಿಂತವರು ಪಾಕಿಸ್ತಾನದ ಹಾಕಿ ಆಟಗಾರರು ಎಂದು ಆ ತಂಡದವರು ಮುಂದೆ ನೆನಪಿಸಿಕೊಂಡಿದ್ದಾರೆ. ಭಾರತ ದಕ್ಷಿಣ ಕೊರಿಯಾವನ್ನು 2-1ರಿಂದ ಮಣಿಸಿ ಚಿನ್ನ ಗೆದ್ದಿತು. ಪರದೇಶದ ಪ್ರೇಕ್ಷಕರ ದ್ವೇಷದ ನಡುವೆ ನೆರೆಯವನ ಚಪ್ಪಾಳೆ ಕೇಳಿಸಿದ ಆ ಸಂಜೆಯನ್ನು ಭಾರತೀಯ ಫುಟ್‌ಬಾಲ್ ಪ್ರೇಮಿಗಳು ಇನ್ನೂ ಹೆಚ್ಚಾಗಿ ನೆನೆಯಬೇಕಿತ್ತು.

ಕರ್ನಾಟಕದ ಮಟ್ಟಿಗೆ ಫುಟ್‌ಬಾಲ್ ಪ್ರೇಕ್ಷಕ ಸಂಸ್ಕೃತಿಯ ಹೊಸ ಅಧ್ಯಾಯ 2013ರಲ್ಲಿ ಬೆಂಗಳೂರು ಎಫ್.ಸಿ. ಹುಟ್ಟಿದ ಮೇಲೆ ಆರಂಭವಾಯಿತು. ತಾನು ಕೂರುವ ಪಶ್ಚಿಮ ಗ್ಯಾಲರಿಯ ಹೆಸರನ್ನೇ ಇಟ್ಟುಕೊಂಡ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗ ತೊಂಬತ್ತು ನಿಮಿಷವೂ ನಿಂತು ಹಾಡುವ, ಬ್ಯಾನರು ಬಿಚ್ಚುವ ರೂಢಿಯನ್ನು ತಂದಿತು. 2017ರ ಅಕ್ಟೋಬರ್ 11ರಂದು ಭಾರತ ಮಕಾವು ತಂಡವನ್ನು 4-1ರಿಂದ ಸೋಲಿಸಿ 2019ರ ಏಷ್ಯಾ ಕಪ್‌ಗೆ ಅರ್ಹತೆ ಪಡೆದದ್ದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ. 2023ರ ಜೂನ್ 21ರಿಂದ ಇಲ್ಲಿ ನಡೆದ ದಕ್ಷಿಣ ಏಷ್ಯಾ ಫುಟ್‌ಬಾಲ್ ಒಕ್ಕೂಟದ ಚಾಂಪಿಯನ್‌ಷಿಪ್, ಅಂದರೆ ಸ್ಯಾಫ್ ಟೂರ್ನಿ, ಬಾವುಟಗಳ ದೃಷ್ಟಿಯಿಂದ ಹೆಚ್ಚು ಮಹತ್ವದ್ದು. ಮೊದಲ ದಿನವೇ ಭಾರತ ಪಾಕಿಸ್ತಾನವನ್ನು 4-0ರಿಂದ ಸೋಲಿಸಿತು. ಜುಲೈ 4ರ ಅಂತಿಮ ಪಂದ್ಯದಲ್ಲಿ ಕುವೈತ್ ಎದುರು 1-1ರ ಸಮಬಲದ ನಂತರ ಪೆನಾಲ್ಟಿಗಳಲ್ಲಿ 5-4ರಿಂದ ಗೆದ್ದಾಗ ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ‘ವಂದೇ ಮಾತರಂ’ ಎಂದು ದನಿಗೂಡಿಸಿತು. ಆ ದನಿಯನ್ನು ಯಾರೂ ಆಜ್ಞೆ ಮಾಡಿ ಹೊರಡಿಸಿರಲಿಲ್ಲ.

ಅದೇ ಸಂಜೆ ಪದಕ ಪಡೆಯುವ ಹೊತ್ತಿಗೆ ಭಾರತದ ಮಿಡ್‌ಫೀಲ್ಡರ್ ಜೀಕ್ಸನ್ ಸಿಂಗ್ ಮಣಿಪುರದ ಏಳು ಬಣ್ಣದ ಬಾವುಟವೊಂದನ್ನು ಹೊದ್ದು ನಿಂತರು. 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಕೊಲಂಬಿಯಾ ವಿರುದ್ಧ ಗೋಲು ಹೊಡೆದು, ಫಿಫಾ ವಿಶ್ವಕಪ್ ಒಂದರಲ್ಲಿ ಗೋಲು ಗಳಿಸಿದ ಮೊದಲ ಭಾರತೀಯನೆನಿಸಿದ ಆಟಗಾರ ಅವರು. 2023ರ ಮೇ 3ರಿಂದ ಮೈತೇಯಿ–ಕುಕಿ ಸಮುದಾಯಗಳ ನಡುವಿನ ಗಲಭೆಯಲ್ಲಿ ಹೊತ್ತಿ ಉರಿಯುತ್ತಿದ್ದ ತವರಿನತ್ತ ದೇಶದ ಗಮನ ಸೆಳೆಯುವುದಷ್ಟೇ ತನ್ನ ಉದ್ದೇಶ, ಯಾರ ಭಾವನೆಗೂ ನೋವುಂಟುಮಾಡುವುದಲ್ಲ ಎಂದು ಅವರು ಆಮೇಲೆ ತಿಳಿಸಿದರು. ಆಕ್ಷೇಪ ಬಂದದ್ದು ಎರಡು ದಿಕ್ಕಿನಿಂದ: ರಾಷ್ಟ್ರತಂಡದ ವೇದಿಕೆಯಲ್ಲಿ ಬೇರೆ ಬಾವುಟವೇಕೆ ಎಂಬುದು ಒಂದು, ಆ ಏಳು ಬಣ್ಣ ಮೈತೇಯಿ ಸಮುದಾಯದ ಏಳು ಕುಲಗಳ ಗುರುತಾದ್ದರಿಂದ ಗಲಭೆಯಲ್ಲಿ ನೊಂದ ಕುಕಿಗಳಿಗೆ ಅದು ತಮ್ಮನ್ನು ಹೊರಗಿಟ್ಟಂತೆ ಕಾಣುತ್ತದೆ ಎಂಬುದು ಮತ್ತೊಂದು. ಎರಡನೆಯ ಆಕ್ಷೇಪದಲ್ಲಿ ತೂಕವಿದೆ, ಏಕೆಂದರೆ ಅದು ನೊಂದ ಮತ್ತೊಬ್ಬರ ಕಣ್ಣಿನಿಂದ ಬಾವುಟವನ್ನು ನೋಡುತ್ತದೆ. ಮೊದಲನೆಯದರಲ್ಲಿ ಅಂಥ ತೂಕವಿಲ್ಲ. ದೇಶದ ಅಂಗಿ ತೊಟ್ಟು ಬೆವರಿದವನ ನಿಷ್ಠೆಯನ್ನು ಅವನ ಹೆಗಲ ಮೇಲಿನ ಬಟ್ಟೆಯಿಂದ ಪ್ರಶ್ನಿಸುವುದು ಅನ್ಯಾಯ; ಮನೆ ಸುಡುತ್ತಿರುವಾಗ ಅದರ ಸುದ್ದಿಯನ್ನು ದೇಶದ ಅಂಗಳಕ್ಕೆ ತಂದವನು ದೇಶವನ್ನು ತನ್ನದೆಂದು ನಂಬಿಯೇ ತಂದಿರುತ್ತಾನೆ.

ಚಿಕ್ಕ ಬಾವುಟ ದೊಡ್ಡ ಬಾವುಟವನ್ನು ಕುಗ್ಗಿಸುತ್ತದೆಯೇ ಎಂಬ ಪ್ರಶ್ನೆಗೆ ಫುಟ್‌ಬಾಲ್ ಲೋಕ ಹಲವು ಉತ್ತರಗಳನ್ನು ಕಂಡಿದೆ. 1966ರ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಇಂಗ್ಲೆಂಡಿನ ಅಭಿಮಾನಿಗಳು ಬೀಸಿದ್ದು ಇಡೀ ಬ್ರಿಟನ್ನಿನ ಬಾವುಟವನ್ನು. 1996ರ ಯೂರೋ ಟೂರ್ನಿಯ ಹೊತ್ತಿಗೆ ಅದರ ಜಾಗದಲ್ಲಿ ಇಂಗ್ಲೆಂಡಿನದೇ ಆದ, ಬಿಳಿಯ ಮೇಲೆ ಕೆಂಪು ಶಿಲುಬೆಯ ಸೇಂಟ್ ಜಾರ್ಜ್ ಬಾವುಟ ತುಂಬಿಕೊಂಡಿತು. ಇದಕ್ಕೆ ತೀರಾ ವಿರುದ್ಧವಾದದ್ದು 2014ರ ಅಕ್ಟೋಬರ್ 14ರಂದು ಬೆಲ್‌ಗ್ರೇಡ್‌ನಲ್ಲಿ ನಡೆಯಿತು: ಸರ್ಬಿಯಾ–ಅಲ್ಬೇನಿಯಾ ಪಂದ್ಯದ ನಡುವೆ ವಿಸ್ತೃತ ಅಲ್ಬೇನಿಯಾದ ನಕ್ಷೆಯಿದ್ದ ಬಾವುಟವನ್ನು ಡ್ರೋನ್ ಒಂದು ಅಂಗಳದ ಮೇಲೆ ಹಾರಿಸಿತು, ಹೊಡೆದಾಟವಾಗಿ ಪಂದ್ಯವೇ ನಿಂತಿತು. ಅಲ್ಲಿ ಬಾವುಟ ಯಾರನ್ನೂ ಹುರಿದುಂಬಿಸಲು ಬಂದಿರಲಿಲ್ಲ. ಈ ನೆಲ ನಿಮ್ಮದಲ್ಲ ಎಂದು ಹೇಳಲು ಬಂದಿತ್ತು.

ಬೆಳಗಾವಿ ಸೀಮೆಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. 1960ರ ದಶಕದಲ್ಲಿ ಮ. ರಾಮಮೂರ್ತಿಯವರು ರೂಪಿಸಿದ ಹಳದಿ–ಕೆಂಪು ಕನ್ನಡ ಬಾವುಟ ನವೆಂಬರ್ 1ರಂದು ಚೆನ್ನಮ್ಮ ವೃತ್ತದಲ್ಲಿ ಸಾವಿರಾರು ಕೈಗಳಲ್ಲಿ ಹಾರುವಾಗ ಅದು ಹಬ್ಬ. ಅದೇ ದಿನ ನಗರದ ಇನ್ನೊಂದು ಭಾಗದಲ್ಲಿ ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿ ಕರಾಳ ದಿನ ಆಚರಿಸುತ್ತದೆ, ಭಗವಾ ಧ್ವಜಗಳು ಏಳುತ್ತವೆ. ಬಣ್ಣಗಳಲ್ಲಿ ಯಾವುದೂ ಕೆಟ್ಟದಲ್ಲ. ಆದರೆ 2021ರ ಡಿಸೆಂಬರ್‌ನಲ್ಲಿ ಕೊಲ್ಹಾಪುರದಲ್ಲಿ ಕನ್ನಡ ಬಾವುಟವನ್ನು ಸುಟ್ಟದ್ದು, ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಳಿದದ್ದು, ಬೆಳಗಾವಿಯಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಗೆ ಧಕ್ಕೆ ಮಾಡಿದ್ದು, ಈ ಮೂರೂ ಒಂದೇ ವಾರದ ಸುಮಾರಿಗೆ ಒಂದರ ಹಿಂದೊಂದು ಬಂದವು. ದಿನನಿತ್ಯ ಒಂದೇ ಸಂತೆಯಲ್ಲಿ ಕನ್ನಡ–ಮರಾಠಿ ಎರಡನ್ನೂ ಆಡುತ್ತ ವ್ಯಾಪಾರ ಮಾಡುವ ಜನಕ್ಕೆ ಅದರಿಂದ ಬಸ್ಸು ನಿಂತದ್ದು, ಅಂಗಡಿ ಮುಚ್ಚಿದ್ದು ಬಿಟ್ಟರೆ ಏನೂ ದಕ್ಕಲಿಲ್ಲ.

ಇನ್ನು ಕಾನೂನಿನ ಮಾತು. 2002ರ ಜನವರಿ 26ರಂದು ಜಾರಿಗೆ ಬಂದ ಭಾರತದ ಧ್ವಜ ಸಂಹಿತೆ, ಅಂದರೆ ರಾಷ್ಟ್ರಧ್ವಜ ಬಳಕೆಯ ನಿಯಮಗಳ ಕಟ್ಟು, ಸಾಮಾನ್ಯ ಪ್ರಜೆಗೂ ವರ್ಷವಿಡೀ ಧ್ವಜ ಹಾರಿಸಲು ಅವಕಾಶ ಕೊಟ್ಟಿತು. 2004ರಲ್ಲಿ ನವೀನ್ ಜಿಂದಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗೌರವದಿಂದ ಧ್ವಜ ಹಾರಿಸುವುದು ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದಿತು. ಅಭಿವ್ಯಕ್ತಿ ಎಂಬ ಪದ ಇಲ್ಲಿ ಮುಖ್ಯ. ಒಳಗಿನಿಂದ ಹೊಮ್ಮಿದ್ದು ಅಭಿವ್ಯಕ್ತಿ. ಹೊರಗಿನಿಂದ ಹೇರಿದ್ದಕ್ಕೆ ಬೇರೆ ಹೆಸರಿದೆ. ಧ್ವಜದ ಮೇಲೆ ಅಕ್ಷರ ಬರೆಯುವುದನ್ನು 1971ರ ರಾಷ್ಟ್ರ ಗೌರವ ಅವಮಾನ ತಡೆ ಕಾಯ್ದೆ ನಿಷೇಧಿಸುತ್ತದೆಯಾದ್ದರಿಂದ, ತ್ರಿವರ್ಣದ ಬಿಳಿ ಪಟ್ಟಿಯಲ್ಲಿ ಊರಿನ ಹೆಸರನ್ನೋ ಆಟಗಾರನ ಹೆಸರನ್ನೋ ಬರೆದು ಗ್ಯಾಲರಿಗೆ ಕಟ್ಟುವ ಅಭಿಮಾನಿಗಳು ತಿಳಿಯದೆಯೇ ಕಾನೂನು ಮೀರುತ್ತಾರೆ. ಅವರಿಗೆ ಬೇಕಾದದ್ದು ತಿಳಿವಳಿಕೆ, ಕೇಸಲ್ಲ.

ಒತ್ತಾಯದ ಬಗ್ಗೆ ನ್ಯಾಯಾಲಯವೇ ಮರುಚಿಂತನೆ ಮಾಡಿದ ಉದಾಹರಣೆಯೂ ಇದೆ. ಚಿತ್ರಮಂದಿರಗಳಲ್ಲಿ ರಾಷ್ಟ್ರಗೀತೆಯನ್ನು ಕಡ್ಡಾಯಗೊಳಿಸಿದ 2016ರ ನವೆಂಬರ್ 30ರ ಮಧ್ಯಂತರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿ 9ರಂದು ಮಾರ್ಪಡಿಸಿ ಐಚ್ಛಿಕವೆಂದಿತು. ಆದರೂ ಎತ್ತಿಸುವ, ತಡೆಯುವ ಚಟ ಹೋಗಿಲ್ಲ. 2023ರ ಅಕ್ಟೋಬರ್ 20ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನ–ಆಸ್ಟ್ರೇಲಿಯಾ ವಿಶ್ವಕಪ್ ಕ್ರಿಕೆಟ್ ಪಂದ್ಯ ನೋಡಲು ಬಂದ ಪಾಕಿಸ್ತಾನಿ ಪ್ರೇಕ್ಷಕನಿಗೆ, ತನ್ನ ದೇಶಕ್ಕೆ ಜೈಕಾರ ಹಾಕಬಾರದೆಂದು ಪೊಲೀಸ್ ಸಿಬ್ಬಂದಿಯೊಬ್ಬರು ತಡೆದ ದೃಶ್ಯವನ್ನು ಜಗತ್ತೇ ನೋಡಿತು. ತನ್ನ ತಂಡಕ್ಕೆ ಜೈ ಎನ್ನದೆ ಮತ್ತೇನನ್ನು ಎನ್ನಲು ಆತ ಬಂದಿದ್ದ? ಅದೇ ಬೆಂಗಳೂರಿನ ಹಲಸೂರು ಬಳಿಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯಿದೆ; ಫುಟ್‌ಬಾಲ್ ವಿಶ್ವಕಪ್ ಬಂದರೆ ಬೀದಿಯುದ್ದಕ್ಕೂ ಬ್ರೆಜಿಲ್ಲಿನ ಹಸಿರು–ಹಳದಿ ಬಾವುಟಗಳು ತೂಗುತ್ತವೆ. ಅದನ್ನು ದೇಶದ್ರೋಹವೆಂದವರಿಲ್ಲ. ಹಾಗಾದರೆ ತಕರಾರು ಪರದೇಶದ ಬಾವುಟದ ಮೇಲಲ್ಲ, ಅದನ್ನು ಹಿಡಿದವನ ಮೇಲೆ ಎಂದಾಯಿತು. ಈ ನಡತೆಯನ್ನು ಸಮರ್ಥಿಸುವುದು ಸಾಧ್ಯವಿಲ್ಲ. ಮನೆಗೆ ಬಂದ ಅತಿಥಿಯ ಬಾಯಿ ಮುಚ್ಚಿಸುವುದನ್ನು ಈ ನಾಡಿನ ಯಾವ ಊರೂ ಮರ್ಯಾದೆಯೆಂದು ಕರೆದಿಲ್ಲ.

ದೇಶದ ತಂಡದ ಮೇಲಿನ ಪ್ರೀತಿಗೆ ಹೆಚ್ಚು ನೇರವಾದ ಅಳತೆಯೊಂದನ್ನು 2018ರಲ್ಲಿ ಸುನಿಲ್ ಛೆಟ್ರಿ ಮುಂದಿಟ್ಟರು. ಜೂನ್ 1ರಂದು ಮುಂಬಯಿಯಲ್ಲಿ ಚೈನೀಸ್ ತೈಪೆಯನ್ನು ಭಾರತ 5-0ರಿಂದ ಸೋಲಿಸಿದಾಗ ನೋಡಲು ಬಂದಿದ್ದವರು 2,569 ಜನ. ಮರುದಿನ ವಿಡಿಯೊ ಒಂದರಲ್ಲಿ ನಾಯಕ ಕೈಮುಗಿದು, ಬಂದು ಬಯ್ಯಿರಿ, ಟೀಕಿಸಿರಿ, ಆದರೆ ಬನ್ನಿ ಎಂಬ ಅರ್ಥದಲ್ಲಿ ಬೇಡಿಕೊಂಡ ಮೇಲೆ ಜೂನ್ 4ರ ಕೆನ್ಯಾ ಪಂದ್ಯದ ಟಿಕೆಟ್ಟುಗಳು ಪೂರ್ತಿ ಮಾರಾಟವಾದವು. ದೇಶದ ತಂಡ ಖಾಲಿ ಕುರ್ಚಿಗಳೆದುರು ಆಡುವಾಗ ಮೊಬೈಲಿನ ಚಿತ್ರಕ್ಕೆ ತ್ರಿವರ್ಣ ಅಂಟಿಸಿಕೊಂಡು ತೃಪ್ತಿಪಡುವ ದೇಶಭಕ್ತಿಗಿಂತ, ಬಾವುಟವಿಲ್ಲದೆಯೂ ಬಂದು ಕೂತವನ ದೇಶಭಕ್ತಿ ದೊಡ್ಡದು. ಕರ್ನಾಟಕ ತಂಡ 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ, ಅಂದರೆ ರಾಜ್ಯಗಳ ನಡುವಿನ ರಾಷ್ಟ್ರೀಯ ಚಾಂಪಿಯನ್‌ಷಿಪ್, ಗೆದ್ದದ್ದು ಎಷ್ಟು ಕನ್ನಡ ಬಾವುಟಗಳನ್ನು ಎತ್ತಿಸಬೇಕಿತ್ತು! ಬೆಳಗಾವಿ ಜಿಲ್ಲೆಯ ಹಳ್ಳಿಗಳಿಗೆ ಆ ಗೆಲುವು ಸುದ್ದಿಯಾಗಿಯೂ ಸರಿಯಾಗಿ ಮುಟ್ಟಲಿಲ್ಲ.

ಕೊನೆಗೆ ಬಾವುಟದ ಬಟ್ಟೆಯ ವಿಷಯ. ಮಾನಕ ಸಂಸ್ಥೆಯ ಪ್ರಮಾಣಪತ್ರ ಪಡೆದು ಖಾದಿಯ ರಾಷ್ಟ್ರಧ್ವಜ ಸಿದ್ಧಪಡಿಸುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇರುವುದು ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಅದಕ್ಕೆ ಬಟ್ಟೆ ನೇಯುವುದು ಮೂಡಲಗಿಗೆ ನೆರೆಯ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ. ನೂಲುವವರಿಂದ ಹೊಲಿಯುವವರವರೆಗೆ ಹೆಚ್ಚಿನವರು ಹೆಣ್ಣುಮಕ್ಕಳು. ಉದ್ದ–ಅಗಲ 3:2ರ ಲೆಕ್ಕದಲ್ಲೇ ಇರಬೇಕು, ಚಕ್ರದ 24 ಕಡ್ಡಿಗಳು ಎರಡೂ ಬದಿಗೆ ಸರಿಯಾಗಿ ಕೂಡಬೇಕು, ಹೊಲಿಗೆ, ಬಣ್ಣ ತಪ್ಪಿದರೆ ಧ್ವಜವೇ ತಿರಸ್ಕೃತ. ಧ್ವಜ ಸಂಹಿತೆಯ 2021ರ ಡಿಸೆಂಬರ್ 30ರ ತಿದ್ದುಪಡಿ ಪಾಲಿಯೆಸ್ಟರಿಗೂ ಯಂತ್ರಕ್ಕೂ ದಾರಿ ತೆರೆದಾಗ ಸಂಘ ಅದನ್ನು ವಿರೋಧಿಸಿತು. ಆಟದ ಮೈದಾನಕ್ಕೆ ಸಂಹಿತೆ ಹೇಳುವುದು ಇನ್ನೂ ಸರಳ: ಕ್ರೀಡಾಕೂಟಗಳಲ್ಲಿ ಜನ ಕಾಗದದ ಧ್ವಜ ಬೀಸಬಹುದು, ಪ್ಲಾಸ್ಟಿಕ್ಕಿನದು ಕೂಡದು, ಪಂದ್ಯ ಮುಗಿದ ಮೇಲೆ ಅವನ್ನು ನೆಲಕ್ಕೆ ಎಸೆಯದೆ ಗೌರವದಿಂದ ವಿಲೇವಾರಿ ಮಾಡಬೇಕು. 1998ರ ವಿಶ್ವಕಪ್‌ನಿಂದ ಜಪಾನಿನ ಅಭಿಮಾನಿಗಳು ಗೆದ್ದರೂ ಸೋತರೂ ಗ್ಯಾಲರಿಯ ಕಸ ಹೆಕ್ಕಿಯೇ ಮನೆಗೆ ಹೋಗುತ್ತಾರೆ. ಪಂದ್ಯ ಮುಗಿದು ದೀಪ ಆರುವ ಹೊತ್ತಿಗೆ ಇಲ್ಲಿನ ಕುರ್ಚಿಗಳ ಕೆಳಗೆ, ನೀರಿನ ಬಾಟಲಿಗಳ ನಡುವೆ ಮುರಿದ ಕಡ್ಡಿಯ ತ್ರಿವರ್ಣಗಳು ಬಿದ್ದಿರುತ್ತವೆ. ಅವನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ತುಂಬುವವರು ಪೌರಕಾರ್ಮಿಕರು.