ಹೊರೆ ಯಾರ ಹೆಗಲಿಗೆ?

ಆದಾಯ ತೆರಿಗೆಯನ್ನು ರದ್ದುಗೊಳಿಸಿ, ಮಾರಾಟ ತೆರಿಗೆಯೊಂದನ್ನೇ ಉಳಿಸಬೇಕೆಂಬ ವಾದ ವರ್ತಕ ಬಂಧುಗಳಲ್ಲಿ ಆಗಾಗ ಕೇಳಿಬರುತ್ತದೆ. ಲೆಕ್ಕಪತ್ರದ ಕಿರುಕುಳವೂ ಸುಳ್ಳು ಲೆಕ್ಕದ ಪಾಪವೂ ತಪ್ಪುವುವೆಂಬುದು ಅವರ ಸಮರ್ಥನೆ. ಮಾರಾಟ ತೆರಿಗೆಗೆ ಮಾತ್ರ ಲೆಕ್ಕ ಬೇಡವೇ?

ಗಿರಾಕಿಯ ಕಡೆಯಿಂದ ನೋಡೋಣ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂತು. 2022ರ ಜುಲೈ 18ರಿಂದ, ಮೊದಲೇ ಕಟ್ಟಿ ಚೀಟಿ ಹಚ್ಚಿದ 25 ಕಿಲೋವರೆಗಿನ ಅಕ್ಕಿಯ ಚೀಲಕ್ಕೂ ಶೇ. 5 ತೆರಿಗೆ ಬಿತ್ತು. ಗುಂಡ್ಲುಪೇಟೆಯ ಹೊಲದಲ್ಲಿ ಚೆಂಡುಹೂ ಬಿಡಿಸುವ ಕೂಲಿಯವನೂ ಚಾಮರಾಜನಗರದ ಅರಿಸಿನ ವ್ಯಾಪಾರಿಯೂ ಅದಕ್ಕೆ ತೆರುವುದು ಒಂದೇ ದರ.

ಕೊಡುವ ಪ್ರತಿ ನೂರು ರೂಪಾಯಿಯಲ್ಲಿ ಹತ್ತು ತೆರಿಗೆಯೆಂದಿಟ್ಟುಕೊಳ್ಳಿ. ತಿಂಗಳಿಗೆ 10,000 ಗಳಿಸಿ ಅಷ್ಟನ್ನೂ ವೆಚ್ಚಮಾಡುವವನು 1,000 ತೆರುತ್ತಾನೆ, ಗಳಿಕೆಯ ಶೇ. 10. ಎರಡು ಲಕ್ಷ ಗಳಿಸಿ 60,000 ವೆಚ್ಚಮಾಡುವವನು 6,000 ತೆರುತ್ತಾನೆ, ಗಳಿಕೆಯ ಶೇ. 3. ಉಳಿದ 1,40,000ಕ್ಕೆ ತೆರಿಗೆಯ ಸೋಂಕೇ ಇಲ್ಲ.

ಭೋಗೋಪಭೋಗ ಪರಿಮಾಣ ವ್ರತಕ್ಕೆ ಇದು ನೆರವೆನ್ನುವವರೂ ಉಂಟು. ವ್ರತವನ್ನು ಉಳ್ಳವನು ಸ್ವಇಚ್ಛೆಯಿಂದ ಹಿಡಿಯುತ್ತಾನೆ. ಇಲ್ಲದವನ ಅನ್ನಕ್ಕೆ ಕರ ಹಾಕುವುದು ವ್ರತವಾಗದು. ಪರಿಗ್ರಹ ಪರಿಮಾಣವಾದರೋ ಕೂಡಿಟ್ಟದ್ದನ್ನು ಅಳೆಯೆನ್ನುತ್ತದೆ; ಈ ತೆರಿಗೆ ಅದೊಂದನ್ನೇ ಅಳೆಯದೆ ಬಿಡುತ್ತದೆ.

2025-26ರಿಂದ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯಿಲ್ಲ. ಆದಾಯ ತೆರಿಗೆಯೇ ಹೋದರೆ ಹಗುರಾಗುವವರು ಮುಖ್ಯವಾಗಿ ಅದಕ್ಕೂ ಮೇಲೆ ಗಳಿಸುವವರು. ಆ ನಷ್ಟವನ್ನು ತುಂಬಿಕೊಡಬೇಕಾದವನು ಗಿರಾಕಿ. ಲೆಕ್ಕ ಬರೆಯುವ ಶ್ರಮ ತಪ್ಪಿಸಿಕೊಳ್ಳಲು ಬಡವನ ಅಕ್ಕಿಯ ಚೀಲಕ್ಕೆ ಕೈಹಾಕುವುದು ಶ್ರಾವಕನಿಗೆ ಒಪ್ಪುವ ನಡೆಯಲ್ಲ.