ಸ್ಕ್ಯಾನ್ ಸರಿಯಿದೆ, ತಲೆ ಸರಿಯಿದೆಯೇ?

“ಸ್ಕ್ಯಾನ್ ನಾರ್ಮಲ್ ಇದೆ ಡಾಕ್ಟ್ರೇ. ಶನಿವಾರ ಮ್ಯಾಚ್ ಇದೆ. ಇವನು ಆಡಬಹುದಲ್ಲ?”

ಹೈಸ್ಕೂಲು ಹುಡುಗನೊಬ್ಬನ ತಂದೆ ಇತ್ತೀಚೆಗೆ ನನ್ನನ್ನು ಕೇಳಿದ ಪ್ರಶ್ನೆ ಇದು. ಕ್ಯಾಚ್ ಹಿಡಿಯಲು ಓಡಿದ ಹುಡುಗ ಇನ್ನೊಬ್ಬ ಆಟಗಾರನ ತಲೆಗೆ ಡಿಕ್ಕಿ ಹೊಡೆದು ಬಿದ್ದು ಮೂರು ದಿನಗಳಾಗಿದ್ದವು. ತಂದೆ ಮಾತನಾಡುತ್ತಿದ್ದಷ್ಟು ಹೊತ್ತೂ ಮಗ ಕಿಟಕಿಯ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಕುಳಿತಿದ್ದ. ಅವನ ಅಂಗಿಯ ಮೇಲೆ ರೇಸ್ ಕಾರಿನ ಚಿತ್ರವಿತ್ತು. ಹಾಗಾಗಿ ಉಪದೇಶ ಬಿಟ್ಟು ಸೆರ್ಜಿಯೋ ಪೆರೆಜ್ ಎಂಬ ಚಾಲಕನ 2011ರ ಕಥೆ ಹೇಳಿದೆ.

ಮೆಕ್ಸಿಕೋದ ಪೆರೆಜ್ ಆಗ 21ರ ಯುವಕ. ಫಾರ್ಮುಲಾ ಒನ್‌ಗೆ ಆಗಷ್ಟೇ ಕಾಲಿಟ್ಟಿದ್ದ. ಸೇರಿದ್ದು ಸ್ವಿಟ್ಜರ್ಲೆಂಡಿನ ಸೌಬರ್ ತಂಡವನ್ನು. ಅದು ಗೆಲ್ಲುವ ತಂಡವೂ ಅಲ್ಲ, ತೀರಾ ಹಿಂದೆ ಬೀಳುವ ತಂಡವೂ ಅಲ್ಲ. ಮೊದಲ ಹತ್ತರೊಳಗೆ ಬಂದು ಒಂದೆರಡು ಅಂಕ ಸಿಕ್ಕಿದರೆ ಅಂಥವರಿಗೆ ಅದೇ ಹಬ್ಬ. ಆಸ್ಟ್ರೇಲಿಯಾದ ಮೊದಲ ರೇಸಿನಲ್ಲೇ ಪೆರೆಜ್ ಏಳನೆಯವನಾಗಿ ಬಂದ. ಆದರೆ ಹಿಂಬದಿಯ ರೆಕ್ಕೆ ನಿಯಮದಂತಿಲ್ಲವೆಂದು ತಂಡದ ಎರಡೂ ಕಾರುಗಳನ್ನು ಅನರ್ಹಗೊಳಿಸಿದರು. ಸ್ಪೇನ್‌ನಲ್ಲಿ ಒಂಬತ್ತನೆಯವನಾಗಿ ಕೊನೆಗೂ ಅಂಕ ಪಡೆದ. ವಾರ ಕಳೆಯುವಷ್ಟರಲ್ಲಿ ಮೊನಾಕೊದ ಅಪಘಾತ. ಮೇ 28ರ ಅರ್ಹತಾ ಸುತ್ತಿನಲ್ಲಿ, ಸುರಂಗದಿಂದ ಹೊರಬಂದ ಕಾರು ಹತೋಟಿ ತಪ್ಪಿ, ಜಾರಿಕೊಂಡು ಹೋಗಿ ತಡೆಗೋಡೆಗೆ ಅಡ್ಡಲಾಗಿ ಬಡಿಯಿತು.

ಮೂಳೆ ಮುರಿದಿರಲಿಲ್ಲ. ತೊಡೆಗೆ ಪೆಟ್ಟಾಗಿತ್ತು. ಜೊತೆಗೆ ಕಂಕಶನ್.

ಕಂಕಶನ್ ಎಂದರೇನು? ಗಿಟುಕು ಕೊಬ್ಬರಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಚಿಪ್ಪಿಗೆ ಏನೂ ಆಗಿರುವುದಿಲ್ಲ, ಒಳಗಿನ ತಿರುಳು ಮಾತ್ರ ಚಿಪ್ಪಿಗೆ ಬಡಿಯುತ್ತದೆ. ಮಿದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುವುದರಿಂದ ದಿನನಿತ್ಯದ ಕುಲುಕಾಟ ಅದಕ್ಕೆ ತಟ್ಟುವುದಿಲ್ಲ. ವೇಗ ಥಟ್ಟನೆ ನಿಂತಾಗ ಅಥವಾ ತಲೆ ಗಕ್ಕನೆ ತಿರುಗಿದಾಗ ಮಾತ್ರ ಆ ದ್ರವದ ರಕ್ಷಣೆ ಸಾಲದು. ಆಗ ನರಕೋಶಗಳು ಎಳೆದಾಡಿದಂತಾಗಿ ಅವುಗಳ ರಾಸಾಯನಿಕ ಸಮತೋಲ ಕೆಡುತ್ತದೆ. ಇದು ಕೆಲಸದಲ್ಲಾದ ಏರುಪೇರು. ಸಿ.ಟಿ. ಸ್ಕ್ಯಾನ್ ಹುಡುಕುವುದು ರಕ್ತಸ್ರಾವವನ್ನು, ಬಿರುಕನ್ನು. ಅವಿಲ್ಲ ಎಂದರೆ ದೊಡ್ಡ ಗಂಡಾಂತರ ತಪ್ಪಿತು ಎಂದರ್ಥವೇ ಹೊರತು ಮಿದುಳು ಚೇತರಿಸಿಕೊಂಡಿದೆ ಎಂದಲ್ಲ. ತಲೆನೋವು, ತಲೆಸುತ್ತು, ಬೆಳಕು ಸದ್ದು ಸಹಿಸಲಾಗದಿರುವುದು, ಮರೆವು, ಸಿಡುಕು, ನಿದ್ದೆಯ ವ್ಯತ್ಯಾಸ ಇವೆಲ್ಲ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಪ್ರಜ್ಞೆ ತಪ್ಪದೆಯೂ ಕಂಕಶನ್ ಆಗಬಹುದೆಂಬುದನ್ನೂ ನೆನಪಿಡಿ.

ಎರಡು ವಾರಗಳ ನಂತರ ಕೆನಡಾದಲ್ಲಿ ರೇಸು. ವೈದ್ಯರು ಪರೀಕ್ಷಿಸಿ, ಓಡಿಸಬಹುದೆಂದರು. ಶುಕ್ರವಾರ ಬೆಳಿಗ್ಗೆ ಅಭ್ಯಾಸಕ್ಕಿಳಿದ ಪೆರೆಜ್‌ಗೆ ತನ್ನ ತಲೆ ಇನ್ನೂ ಸರಿಯಿಲ್ಲವೆಂದು ತಿಳಿಯಿತು. ತಂಡಕ್ಕೆ ಹೇಳಿ ಕಾರಿನಿಂದ ಇಳಿದ. ಅವನ ಜಾಗದಲ್ಲಿ ಸ್ಪೇನಿನ ಪೆಡ್ರೊ ಡಿ ಲಾ ರೋಸಾ ಓಡಿಸಿದ.

ಆ ಕ್ರೀಡೆಯಲ್ಲಿ ಸೀಟು ಸಿಗುವುದು ಬೆರಳೆಣಿಕೆಯ ಮಂದಿಗೆ. ಮೊದಲ ವರ್ಷವೇ ತನ್ನ ಸೀಟಿನಲ್ಲಿ ಬೇರೊಬ್ಬ ಕೂರುವುದನ್ನು ನೋಡುವುದೆಂದರೆ ಹೊಟ್ಟೆಯೊಳಗೆ ಬೆಂಕಿಯಿಟ್ಟಂತೆ. ಆದರೂ ಇಳಿದನಲ್ಲ, ಆ ವರ್ಷದ ಅವನ ಅತ್ಯುತ್ತಮ ಸಾಧನೆ ಅದೇ ಎಂದು ನಾನು ಎಣಿಸುತ್ತೇನೆ. ವೈದ್ಯರ ಸರ್ಟಿಫಿಕೇಟು ಕೈಯಲ್ಲಿದ್ದೂ ಇಳಿದ ಎಂಬುದನ್ನು ಗಮನಿಸಿ. ವೈದ್ಯನಾಗಿ ಇದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಇರುಸುಮುರುಸಿನ ಸಂಗತಿಯೇ. ಆದರೆ ಈ ಕಾಯಿಲೆಯಲ್ಲಿ ನಮ್ಮ ಸಹಿಗಿಂತ ರೋಗಿಯ ಬಾಯಿಂದ ಬರುವ ಮಾತಿಗೇ ಹೆಚ್ಚು ತೂಕ.

ಜೂನ್ ಕೊನೆಗೆ ವಲೆನ್ಸಿಯಾದಲ್ಲಿ ಮರಳಿ ಬಂದು ಹನ್ನೊಂದನೆಯವನಾದ. ಜುಲೈನಲ್ಲಿ ಬ್ರಿಟನ್ನಿನ ಸಿಲ್ವರ್‌ಸ್ಟೋನ್‌ನಲ್ಲಿ ಏಳನೆಯ ಸ್ಥಾನ. ಅಕ್ಟೋಬರ್ 30ರಂದು ನಮ್ಮ ಗ್ರೇಟರ್ ನೋಯ್ಡಾದಲ್ಲಿ ನಡೆದ ಮೊಟ್ಟಮೊದಲ ಇಂಡಿಯನ್ ಗ್ರಾನ್ ಪ್ರಿಯಲ್ಲಿ ಹತ್ತನೆಯವನಾಗಿ ಒಂದು ಅಂಕ ಪಡೆದ. ವರ್ಷದ ಒಟ್ಟು ಗಳಿಕೆ 14 ಅಂಕ. ತಪ್ಪಿಸಿಕೊಂಡ ಎರಡು ರೇಸು ಅವನ ವೃತ್ತಿಯನ್ನೇನೂ ಮುಳುಗಿಸಲಿಲ್ಲ. 2012ರಲ್ಲಿ ಮಲೇಷ್ಯಾದಲ್ಲಿ ಅದೇ ತಂಡಕ್ಕೆ ಎರಡನೆಯ ಸ್ಥಾನ ತಂದುಕೊಟ್ಟ.

ನಮ್ಮ ಮನೆಗಳಲ್ಲಿ ಎರಡು ಅತಿಗಳಿವೆ. ಒಂದು, ಮರುದಿನವೇ ಟ್ಯೂಷನ್ನಿಗೆ, ಆಟಕ್ಕೆ ಕಳಿಸುವುದು. ಇನ್ನೊಂದು, ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವುದು. ಎರಡೂ ಬೇಡ. ಮೊದಲ ಒಂದೆರಡು ದಿನ ವಿಶ್ರಾಂತಿ, ಮೊಬೈಲ್ ಮತ್ತು ಟಿ.ವಿ. ಕಡಿಮೆ. ಆಮೇಲೆ ನಿಧಾನ ನಡಿಗೆ, ತುಸು ಓದು. ತೊಂದರೆ ಹೆಚ್ಚಿದರೆ ಒಂದು ಹೆಜ್ಜೆ ಹಿಂದಕ್ಕೆ. ತಲೆಗೆ ಮತ್ತೆ ಪೆಟ್ಟು ಬೀಳಬಹುದಾದ ಆಟ ಎಲ್ಲಕ್ಕಿಂತ ಕೊನೆಗೆ, ಅದೂ ವೈದ್ಯರನ್ನು ಕೇಳಿಯೇ. ಪೂರ್ತಿ ಸರಿಹೋಗುವವರೆಗೆ ಸ್ಕೂಟರ್ ಓಡಿಸಬೇಡಿ, ಮದ್ಯ ಮುಟ್ಟಬೇಡಿ. ಪದೇಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಕೈಕಾಲಿನಲ್ಲಿ ಬಲಹೀನತೆ, ಮೂಗು ಅಥವಾ ಕಿವಿಯಿಂದ ನೀರು ಇಲ್ಲವೆ ರಕ್ತ, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಆಸ್ಪತ್ರೆಗೆ ಓಡಿ. ಮೊದಲ ಸ್ಕ್ಯಾನ್ ಸರಿಯಿತ್ತು ಎಂದು ಕಾಯಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹಿರಿಯರಿದ್ದರೆ ಸಣ್ಣ ಪೆಟ್ಟಿಗೂ ತೋರಿಸಿ.

ಪೆರೆಜ್‌ಗೆ ಬದಲಿ ಚಾಲಕ ಸಿಕ್ಕ. ತಲೆಸುತ್ತಿನಲ್ಲೇ ಹ್ಯಾಂಡಲ್ ಹಿಡಿಯುವ ಆಟೋ ಚಾಲಕನಿಗೆ ಯಾರಿದ್ದಾರೆ? “ಎರಡು ದಿನ ನಿಲ್ಲಿಸಿದರೆ ಮನೆ ನಡೆಯೋಲ್ಲ ಸಾರ್” ಎನ್ನುವವರಿಗೆ ಬರೆದುಕೊಡಲು ನನ್ನ ಚೀಟಿಯಲ್ಲಿ ಔಷಧವಿಲ್ಲ. ಅಂಥ ಮನೆಯವರು ಒಂದು ವಾರ ಕೈಜೋಡಿಸಿದರೆ ಅದೇ ದೊಡ್ಡ ಚಿಕಿತ್ಸೆ.

ಆ ಹುಡುಗ ಶನಿವಾರ ಆಡಲಿಲ್ಲ. ಸ್ಕೋರು ಬರೆಯುತ್ತೇನೆಂದು ಹಟ ಹಿಡಿದು ಹೋದನಂತೆ. ಹತ್ತು ಓವರ್ ಆಗುತ್ತಲೇ ತಲೆನೋವು ಬಂತೆಂದು ಪುಸ್ತಕವನ್ನು ಪಕ್ಕದವನಿಗೆ ಕೊಟ್ಟು, ತಾನಾಗಿಯೇ ಮನೆಗೆ ಬಂದನೆಂದು ಅವನ ತಂದೆ ಫೋನಿನಲ್ಲಿ ತಿಳಿಸಿದರು.